ಮಡಿಕೇರಿ ಕೋಟೆ: ಅರಮನೆ, ಕಚೇರಿ, ಆಮೇಲೆ?

ಈ ಪೋರ್ಟಿಕೋ ನೋಡಿ. ಕೋಟೆಯೊಳಗಿನ ರಾಜರ ಅರಮನೆಗೆ ಇದು ಹೊಂದುತ್ತಾ? ಇದು ಅವರ ಕಾಲದ್ದೇ ಅಲ್ಲ. 1933ರಲ್ಲಿ ಕಮಿಷನರ್ ಸಾಹೇಬರ ಕಾರು ನಿಲ್ಲಲಿ ಅಂತ ಬ್ರಿಟಿಷರು ಸೇರಿಸಿದ್ದು. ಮೇಲಿನ ಗಡಿಯಾರದ ಗೋಪುರವೂ ಆಗಿನದ್ದೇ.

ಮಡಿಕೇರಿ ಕೋಟೆ ಶುರುವಾಗಿದ್ದು ಮಣ್ಣಿನ ಗೋಡೆಯಿಂದ. 17ನೇ ಶತಮಾನದಲ್ಲಿ, ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ ಕಟ್ಟಿಸಿದ. ಟಿಪ್ಪು ಸುಲ್ತಾನ್ ಅದನ್ನೇ ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ಅದೇ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ ಕೋಟೆಯನ್ನು ಮತ್ತೆ ಗೆದ್ದುಕೊಂಡ. 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅರಮನೆಗೆ ಹೊಸ ರೂಪ ಕೊಟ್ಟ. ಇಗೋ, ಈ ಮೂಲೆಯಲ್ಲಿ ನಿಂತಿರುವ ಎರಡು ಗಾರೆ ಆನೆಗಳು. ನಿಜವಾದ ಆನೆಯಷ್ಟೇ ಎತ್ತರ! ಮಕ್ಕಳಂತೂ ಇಲ್ಲಿಂದ ಕದಲುವುದೇ ಇಲ್ಲ.

1834ರಲ್ಲಿ ಬ್ರಿಟಿಷರು ಚಿಕ್ಕ ವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿದರು. ಅಲ್ಲಿಗೆ ಅರಸೊತ್ತಿಗೆ ಮುಗಿಯಿತು, ಕಚೇರಿಯ ಕಾಲ ಬಂತು. ಸ್ವಾತಂತ್ರ್ಯ ಬಂದ ಮೇಲೂ ಡಿಸಿ ಆಫೀಸ್ ಇಲ್ಲೇ ಇತ್ತು. ಜೈಲು, ಲೈಬ್ರರಿ ಎಲ್ಲವೂ ಇದೇ ಕೋಟೆಯೊಳಗೆ. ಜಮೀನಿನ ಕಾಗದ ಹಿಡಿದುಕೊಂಡು ಎಷ್ಟು ತಲೆಮಾರಿನ ಜನ ಈ ಮೆಟ್ಟಿಲು ಹತ್ತಿಳಿದಿರಬೇಕು!

ಈಗ ಈ ಚರ್ಚ್ ಒಳಗೆ ಬನ್ನಿ. ನನ್ನನ್ನು ಜಾಸ್ತಿ ಕಾಡುವ ಜಾಗ ಇದು. ಇಲ್ಲಿ ಮೊದಲು ವೀರಭದ್ರನ ಗುಡಿ ಇತ್ತು. ಬ್ರಿಟಿಷರು ಅದನ್ನು ತೆಗೆಸಿ 1855ರಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಅವರು ಹೋದ ಮೇಲೆ ಪ್ರಾರ್ಥನೆ ನಿಂತಿತು. 1971ರಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಮ್ಯೂಸಿಯಂ ಆಯಿತು. ಮೇಲೆ ಬಣ್ಣದ ಗಾಜಿನ ಕಿಟಕಿ, ಕೆಳಗೆ ಸಾಲಾಗಿ ಕಲ್ಲಿನ ವಿಗ್ರಹಗಳು. ಹೋದ ಗುಡಿ ಇದರಿಂದ ವಾಪಸ್ ಬರುವುದಿಲ್ಲ. ಆದರೂ ಆ ವಿಗ್ರಹಗಳ ಮುಂದೆ ಒಂದು ನಿಮಿಷ ನಿಲ್ಲದೆ ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ.

ಡಿಸಿ ಆಫೀಸ್ ಈಗ ಹೊಸ ಕಟ್ಟಡಕ್ಕೆ ಹೋಗಿದೆ. ಅರಮನೆಯಲ್ಲಿ ಕಚೇರಿ ಇದ್ದದ್ದು ಸರಿಯಲ್ಲ ಅಂತ ಹಲವರು ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಕೊಡಗಿನ ಮಳೆ ಗೊತ್ತಲ್ವಾ? ಜನ ಓಡಾಡುವ ಕಟ್ಟಡವಾದರೆ ಮಾಡು ಸೋರಿದ ದಿನವೇ ಯಾರಾದರೂ ಗಮನಿಸುತ್ತಾರೆ. ಸುಮ್ನೆ ಬೀಗ ಹಾಕಿದರೆ ಗೋಡೆ ನೆನೆದು ಕುಸಿಯುವವರೆಗೂ ಗೊತ್ತಾಗುವುದಿಲ್ಲ. ದುರಸ್ತಿ ಮಾಡಿ ಈ ಕೋಣೆಗಳನ್ನು ಜನರಿಗೆ ಬಿಟ್ಟುಕೊಡಲಿ. ರಾಜರ ಕಥೆಯ ಜೊತೆಗೆ ಗುಡಿಯದ್ದು, ಜೈಲಿನದ್ದು, ಕಚೇರಿಯದ್ದೂ ಇಲ್ಲಿ ಹೇಳಲಿ. ಕೊಡಗಿನವರು ಯಾರಾದರೂ ನೋಡುತ್ತಿದ್ದರೆ, ನಿಮ್ಮ ಮನೆಯ ಹಿರಿಯರು ಈ ಕಚೇರಿಗೆ ಯಾವ ಕೆಲಸಕ್ಕೆ ಬರುತ್ತಿದ್ದರು ಅಂತ ಕೇಳಿ, ಕೆಳಗೆ ಬರೆಯಿರಿ.