ಎರಡು ಗೈಗರ್ ಕೊಳವೆ, ಒಂದು ಮ್ಯೂಆನ್

ಕೇಳುಗರಿಗೆ ನಮಸ್ಕಾರ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ಶಾಲೆಯಲ್ಲೋ ಮನೆಯಲ್ಲೋ ಹಿಡಿದು ನೋಡಬೇಕೆಂದು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಕ್ಲೌಡ್ ಚೇಂಬರ್, ಕಣ ಹಾದ ದಾರಿ ಆವಿಯಲ್ಲಿ ಗೆರೆಯಾಗಿ ಕಾಣುವ ಪೆಟ್ಟಿಗೆ. ನೋಡಲು ಚೆಂದ, ನಿಜ. ನಮ್ಮ ಕರಾವಳಿಗೆ ಮಾತ್ರ ಅದು ಅಷ್ಟಾಗಿ ಒಗ್ಗುವುದಿಲ್ಲ. ಅದರ ತಳದ ತಗಡು ಮೈನಸ್ 26 ಡಿಗ್ರಿಗಿಂತ ಕೆಳಗಿಳಿಯದೆ ಆಲ್ಕೋಹಾಲ್ ಆವಿಯಲ್ಲಿ ಗೆರೆ ಮೂಡದು. ಕಾರವಾರದ ಬಂದರಿನಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆಗೆ ಎಷ್ಟೇ ಉಪ್ಪು ಬೆರೆಸಿದರೂ ಮೈನಸ್ 21ರ ಹತ್ತಿರ ನಿಂತುಬಿಡುತ್ತದೆ. ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್, ಮೈನಸ್ 78ರಷ್ಟು ತಣ್ಣಗಿರುತ್ತದೆ, ಆದರೆ ದೂರದಿಂದ ತರಿಸಿದರೆ ದಾರಿಯುದ್ದಕ್ಕೂ ಆವಿಯಾಗುತ್ತಲೇ ಬರುತ್ತದೆ. ಹಾಗಾಗಿ ಇವತ್ತಿನ ಮಾತು ಗೈಗರ್ ಕೊಳವೆಯದ್ದು, ಅಂದರೆ ವಿಕಿರಣದ ಕಣವೊಂದು ಹಾದಾಗ ವಿದ್ಯುತ್ ಮಿಡಿತ ಕೊಡುವ, ಅನಿಲ ತುಂಬಿದ ಕೊಳವೆಯದ್ದು. ಒಂದಲ್ಲ, ಎರಡು.

ಎರಡೇ ಏಕೆ? ಒಂದು ಕೊಳವೆ ಇಟ್ಟರೆ ನಿಮಿಷಕ್ಕೆ ಇಪ್ಪತ್ತರ ಆಸುಪಾಸು ಟಿಕ್ ಟಿಕ್ ಕೇಳುತ್ತದೆ. ಹತ್ತಿರದಲ್ಲೇ ಕೈಗಾ ಅಣುಸ್ಥಾವರ ಇರುವುದರಿಂದ ಈ ಸದ್ದು ಅಲ್ಲಿಯದ್ದೇ ಇರಬೇಕು ಎಂದು ಅನುಮಾನಪಡುವವರಿದ್ದಾರೆ. ಅಂಥ ಟಿಕ್ ಟಿಕ್ ಯಾವ ಊರಿನಲ್ಲಿಟ್ಟರೂ ಕೇಳುವಂಥದ್ದು. ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40, ಗಾಳಿಯಲ್ಲಿರುವ ರೇಡಾನ್, ಇವುಗಳ ಪಾಲು ಅದರಲ್ಲಿ ದೊಡ್ಡದು. ವಿಶ್ವಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಹುಟ್ಟಿ ಕೆಳಗಿಳಿದ ಸೂಕ್ಷ್ಮ ಕಣಗಳಾದ ಮ್ಯೂಆನ್‌ಗಳೂ ಅದರೊಳಗೇ ಬೆರೆತಿರುತ್ತವೆ. ಅವನ್ನು ಬೇರ್ಪಡಿಸುವ ಉಪಾಯವನ್ನು ಜರ್ಮನಿಯ ಭೌತವಿಜ್ಞಾನಿಗಳಾದ ಬೋಥೆ ಮತ್ತು ಕೋಲ್‌ಹಾರ್ಸ್ಟರ್ 1929ರಲ್ಲಿ ತೋರಿಸಿಕೊಟ್ಟರು. ಒಂದರ ಮೇಲೊಂದು ಎರಡು ಕೊಳವೆ ಇಟ್ಟು, ಎರಡೂ ಒಟ್ಟಿಗೆ ಮಿಡಿದಾಗ ಮಾತ್ರ ಲೆಕ್ಕಕ್ಕೆ ಹಿಡಿಯುವುದು. ನೆಲದ ಗಾಮಾ ಕಿರಣ ಒಂದೇ ಹೊತ್ತಿಗೆ ಎರಡನ್ನೂ ಮಿಡಿಸುವುದು ಅಪರೂಪ. ಮ್ಯೂಆನ್ ಎರಡನ್ನೂ ತೂರಿಕೊಂಡು ನೆಲದೊಳಕ್ಕೆ ಹೋಗುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ, ಸುಲಭಕ್ಕೆ ಸಿಕ್ಕದ ಕಣಗಳ ಗುರುತು ಹಿಡಿದರಲ್ಲ, ಅಷ್ಟು ಕೆಳಕ್ಕೆ ಇಳಿದದ್ದೇ ಈ ಮ್ಯೂಆನ್‌ಗಳ ಕಾಟ ತಪ್ಪಿಸಿಕೊಳ್ಳಲು.

ಈಗ ಕೆಲಸಕ್ಕೆ ಬರೋಣ. ಎಸ್‌ಬಿಎಂ-20 ಎಂಬ ರಷ್ಯನ್ ಕೊಳವೆ ಅಗ್ಗಕ್ಕೆ ಸಿಗುತ್ತದೆ. ಸುಮಾರು 11 ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ದಪ್ಪ, ಬೇಕಾದ ವೋಲ್ಟೇಜ್ 400. ಇದರ ತುದಿಗಳಿಗೆ ನೇರವಾಗಿ ಬೆಸುಗೆ ಹಾಕಬೇಡಿ. ಬಿಸಿಗೆ ಸೀಲ್ ಬಿಟ್ಟು ಒಳಗಿನ ಅನಿಲ ಹೋದರೆ ಕೊಳವೆ ಸತ್ತಂತೆ. ಫ್ಯೂಸ್ ಕ್ಲಿಪ್‌ನಲ್ಲಿ ಸಿಕ್ಕಿಸಿ. ಪ್ಲಸ್ ಯಾವ ತುದಿಗೆ ಎಂಬುದು ಕೊಳವೆಯ ಮೇಲೇ ಗುರುತಾಗಿರುತ್ತದೆ, ತಿರುಗಿಸಬೇಡಿ. ಪ್ರತಿ ಕೊಳವೆಗೂ ಅದರದೇ 5 ಮೆಗಾಓಮ್‌ನಷ್ಟು ರೆಸಿಸ್ಟರ್ ಇರಲಿ. ಒಂದೇ ರೆಸಿಸ್ಟರ್ ಹಂಚಿಕೊಂಡರೆ ಮೇಲಿನ ಕೊಳವೆಯ ಮಿಡಿತ ಕೆಳಗಿನದಕ್ಕೂ ದಾಟಿ, ಸುಳ್ಳು ಜೋಡಿಗಳು ರಾಶಿ ಬೀಳುತ್ತವೆ.

ವೋಲ್ಟೇಜ್ ಅಳೆಯುವಲ್ಲಿ ಹಲವರು ಮೋಸಹೋಗುತ್ತಾರೆ. ಸಾಮಾನ್ಯ ಮಲ್ಟಿಮೀಟರಿನ ಒಳತಡೆ 10 ಮೆಗಾಓಮ್. ಕೊಳವೆಗೆ 400 ವೋಲ್ಟ್ ಕೊಡುವ ಪುಟ್ಟ ಸರ್ಕ್ಯೂಟಿಗೆ ಅದೇ ದೊಡ್ಡ ಹೊರೆ, ಮೀಟರ್ ತಾಗಿಸಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. 250 ಎಂದು ಓದಿ, ಕಡಿಮೆಯಾಯಿತೆಂದು ಏರಿಸುತ್ತ ಹೋದರೆ ಕೊಳವೆ ಸುಡುತ್ತದೆ. 100 ಮೆಗಾಓಮ್‌ನ ಹತ್ತು ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ ಮೀಟರಿನ ಮುಂದೆ ಹಾಕಿ. ಆಗ ಮೀಟರ್ ತೋರಿಸುವುದು ನಿಜದ 101ನೇ ಒಂದು ಭಾಗ. 3.96 ಎಂದು ಕಂಡರೆ 400 ಸರಿಯಾಗಿದೆ ಎಂದರ್ಥ.

ಇನ್ನು ನಮ್ಮ ಮಳೆಗಾಲ. ಜೂನ್ ಹುಟ್ಟಿದರೆ ಬೋರ್ಡಿನ ಮೇಲೆ ತೇವ, ತೇವದಲ್ಲಿ ಸಮುದ್ರದ ಉಪ್ಪು. ಮೆಗಾಓಮ್ ಲೆಕ್ಕದ ತಡೆಯನ್ನು ನಂಬಿ ನಿಂತ ಸರ್ಕ್ಯೂಟಿಗೆ ಈ ಉಪ್ಪುನೀರಿನ ತೆಳು ಪೊರೆಯೇ ಇನ್ನೊಂದು ತಂತಿ. ಎಣಿಕೆ ಒಮ್ಮೆ ಸೊರಗುತ್ತದೆ, ಒಮ್ಮೆ ಹುಚ್ಚೆದ್ದು ಓಡುತ್ತದೆ, ಜನ ಕೊಳವೆಯನ್ನು ಬೈಯುತ್ತಾರೆ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಮೇಲೆ ಇನ್ಸುಲೇಟಿಂಗ್ ವಾರ್ನಿಷ್ ಬಳಿಯಿರಿ. ಬೆರಳಚ್ಚೂ ಉಳಿಯಬಾರದು. ಇಡೀ ಸೆಟ್ಟನ್ನು ರಬ್ಬರ್ ಅಂಚಿನ ಊಟದ ಡಬ್ಬಿಯೊಳಗಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಡಬ್ಬಿಯ ಪ್ಲಾಸ್ಟಿಕ್ಕು ಮ್ಯೂಆನ್‌ಗೆ ಲೆಕ್ಕಕ್ಕೇ ಇಲ್ಲ.

ಎರಡೂ ಕೊಳವೆಯ ಮಿಡಿತಗಳನ್ನು 100 ಮೈಕ್ರೊಸೆಕೆಂಡ್ ಅಗಲಕ್ಕೆ ಹಿಗ್ಗಿಸಿ ಎರಡೂ ಒಟ್ಟಿಗೆ ಬಂದಾಗ ಮಾತ್ರ ಮಿಡಿಯುವ ಆಂಡ್ ಗೇಟಿಗೆ ಕೊಡಿ. ಅಲ್ಲಿಂದ ಹೊರಬಂದದ್ದನ್ನು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಎಣಿಸಲಿ. ಈ ಅಗಲದಲ್ಲಿ ಕಾಕತಾಳೀಯವಾಗಿ ಒಟ್ಟಿಗೆ ಬೀಳುವ ಟಿಕ್‌ಗಳು ದಿನಕ್ಕೆ ಎರಡೋ ಮೂರೋ. ನಡುವೆ 5 ಸೆಂಟಿಮೀಟರ್ ಬಿಟ್ಟು ಒಂದರ ಮೇಲೊಂದು ಇಟ್ಟರೆ ನಿಜವಾದ ಜೋಡಿ ನಿಮಿಷಕ್ಕೆ ಒಂದರ ಆಸುಪಾಸು. ತೀರ ಹೆಚ್ಚು ಬಂತೆಂದರೆ ಹಿಗ್ಗಬೇಡಿ. ಕೊಳವೆಗಳನ್ನು ಒಂದು ಮೀಟರ್ ದೂರಕ್ಕೆ, ಒಂದೇ ಮಟ್ಟದಲ್ಲಿ ಇಟ್ಟು ನೋಡಿ. ಜೋಡಿ ಎಣಿಕೆ ಬಹುತೇಕ ನಿಂತುಹೋಗಬೇಕು. ನಿಲ್ಲದಿದ್ದರೆ ನೀವು ಎಣಿಸುತ್ತಿರುವುದು ತಂತಿಯ ತಂಟೆ.

ಮೊದಲ ಪ್ರಯೋಗ ಓರೆ ಮಾಡಿ ನೋಡುವುದು. ಕೊಳವೆಗಳ ಜೋಡಿಯನ್ನು ನೆಟ್ಟಗಿಂದ 45 ಡಿಗ್ರಿ ವಾಲಿಸಿದರೆ ಎಣಿಕೆ ಅರ್ಧಕ್ಕೆ, 60 ಡಿಗ್ರಿಗೆ ಕಾಲು ಭಾಗಕ್ಕೆ ಇಳಿಯುತ್ತದೆ. ಕೊಸೈನಿನ ವರ್ಗ ಅದು, ಪಿಯುಸಿ ಮಕ್ಕಳಿಗೆ ಸಾಕಾಗುವಷ್ಟು ಗಣಿತ. ವಾಲಿಸುವಾಗ ಕೊಳವೆಯ ಉದ್ದ ಅಡ್ಡಡ್ಡಲಾಗಿಯೇ ಇರಬೇಕು.

ಎರಡನೆಯದು ಸೀಸ. ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಚಪ್ಪಟೆ ಬಡಿದು ಎರಡು ಕೊಳವೆಗಳ ನಡುವೆ ತುಂಬಿ. ಎಣಿಕೆ ಸ್ವಲ್ಪ ತಗ್ಗುತ್ತದೆ, ಜೊತೆಗೆ ಬಂದ ಎಲೆಕ್ಟ್ರಾನುಗಳು ಅಲ್ಲಿಗೇ ನಿಂತವು. ಉಳಿದ ಮ್ಯೂಆನ್‌ಗಳು ದಾಟುತ್ತಲೇ ಇರುತ್ತವೆ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಅದು ವಿಷ.

ಮೂರನೆಯದಕ್ಕೆ ತಾಳ್ಮೆ ಬೇಕು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ ಬಂದಿರುತ್ತೀರಿ. ತಲೆಯ ಮೇಲಿನ ಗಾಳಿ ಅಷ್ಟು ಕಡಿಮೆ, ಮ್ಯೂಆನ್ ಶೇಕಡಾ 5ರಿಂದ 10ರಷ್ಟು ಹೆಚ್ಚು. ಆದರೆ ನೂರು ಎಣಿಸಿದರೆ ಹತ್ತರ ಏರುಪೇರು ಸಹಜ. ಒಂದು ಶೇಕಡಾ ನಿಖರತೆಗೆ ಹತ್ತು ಸಾವಿರ ಎಣಿಸಬೇಕು, ಅಂದರೆ ಒಂದೊಂದು ಊರಿನಲ್ಲೂ ಒಂದು ವಾರ. ಎರಡೂ ಕಡೆ ಹೆಂಚಿನ ಮಾಡಿನ ಕೆಳಗೇ ಇಡಿ. ಒಂದು ಕಡೆ ಹೆಂಚು, ಇನ್ನೊಂದು ಕಡೆ ಕಾಂಕ್ರೀಟ್ ಸ್ಲ್ಯಾಬ್ ಆದರೆ ಹೋಲಿಕೆ ಕೆಟ್ಟಿತು. ಗಂಟೆಗೊಮ್ಮೆ ಎಣಿಕೆಯ ಜೊತೆ ಗಾಳಿಯ ಒತ್ತಡವನ್ನೂ ಬರೆದಿಡಿ, ಒತ್ತಡ ಏರಿದರೆ ಮ್ಯೂಆನ್ ತಗ್ಗುತ್ತದೆ. ಕರೆಂಟು ಹೋದರೂ ನಿಲ್ಲದಂತೆ ಪವರ್ ಬ್ಯಾಂಕ್ ಕಟ್ಟಿಡಿ. ಕೆಲವು ಪವರ್ ಬ್ಯಾಂಕುಗಳು ಇಷ್ಟು ಸಣ್ಣ ಹೊರೆಗೆ ತಾವೇ ಆಫ್ ಆಗುತ್ತವೆ, ಹೊರಡುವ ಮೊದಲೇ ಒಂದು ರಾತ್ರಿ ಓಡಿಸಿ ನೋಡಿಕೊಳ್ಳಿ. ನಮಸ್ಕಾರ.