ಬೆಡ್‌ಫೋರ್ಡ್ ಚಪ್ಪಟೆಹುಳು

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಿಂದ ನೇತ್ರಾಣಿಗೋ ಅಂಡಮಾನಿಗೋ ಡೈವಿಂಗ್‌ಗೆ ಹೋಗಿಬಂದವರ ಫೋಟೊಗಳಲ್ಲಿ ‘ನ್ಯೂಡಿಬ್ರಾಂಕ್’ ಎಂದು ಬರೆದಿರುವ ಕೆಲವು ಪ್ರಾಣಿಗಳು ಅಸಲಿಗೆ ಚಪ್ಪಟೆಹುಳುಗಳು. ನ್ಯೂಡಿಬ್ರಾಂಕ್ ಚಿಪ್ಪಿಲ್ಲದ ಮೃದ್ವಂಗಿ. ಮೈ ದಪ್ಪ, ತಲೆಯ ಮೇಲೆ ನಿಜವಾದ ಎರಡು ಕೊಂಬು, ಹಲವು ಜಾತಿಗಳಲ್ಲಿ ಬೆನ್ನ ಮೇಲೆ ಕಿವಿರಿನ ಗೊಂಚಲು. ಚಪ್ಪಟೆಹುಳುವಿಗೆ ಕಿವಿರೇ ಇಲ್ಲ. ಕೊಂಬಿನಂತೆ ಕಾಣುವುದು ಮೈಯಂಚಿನ ಮಡಿಕೆ ಅಷ್ಟೆ.

ಇವುಗಳಲ್ಲಿ ನೋಡಲು ಬಲು ಸೊಗಸಾದದ್ದು ಬೆಡ್‌ಫೋರ್ಡ್ ಚಪ್ಪಟೆಹುಳು, ವೈಜ್ಞಾನಿಕ ಹೆಸರು ಸ್ಯೂಡೋಬೈಸೆರಸ್ ಬೆಡ್‌ಫೋರ್ಡಿ. 1903ರಲ್ಲಿ ಜೀವಶಾಸ್ತ್ರಜ್ಞ ಲೈಡ್‌ಲಾ ಇದನ್ನು ವಿವರಿಸಿದರು. ಸುಮಾರು 8 ಸೆಂಟಿಮೀಟರ್ ಉದ್ದ. ಕಪ್ಪು-ಕಂದು ಮೈಮೇಲೆ ಗುಲಾಬಿ ಅಡ್ಡಪಟ್ಟೆ, ನಡುವೆ ಒತ್ತಾಗಿ ಬಿಳಿ ಚುಕ್ಕೆ. ಸಿಂಗಪುರ, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್, ಎಲ್ಲೆಡೆ ಆಳವಿಲ್ಲದ ಹವಳದ ದಿಬ್ಬ ಮತ್ತು ಕಲ್ಲುಗಳ ಅಡಿ ಇದರ ನೆಲೆ.

ಈ ಹುಳುವಿಗೆ ಹೃದಯವಿಲ್ಲ, ರಕ್ತವಿಲ್ಲ. ಆಮ್ಲಜನಕ ಚರ್ಮದ ಮೂಲಕವೇ ಒಳಗಿನ ಪ್ರತಿ ಜೀವಕೋಶ ತಲುಪಬೇಕು. ಮೈ ದಪ್ಪವಾದರೆ ನಡುವಿನ ಕೋಶಗಳಿಗೆ ಉಸಿರು ಸಿಗದು, ಅದಕ್ಕೇ ಮೈ ಇಷ್ಟು ತೆಳು. ಅನ್ನ ಹೊತ್ತೊಯ್ಯಲೂ ರಕ್ತವಿಲ್ಲವಲ್ಲ, ಅದಕ್ಕೆ ಕರುಳೇ ಕವಲೊಡೆದು ಅಂಚಿನವರೆಗೆ ಹರಡಿದೆ. ಬಾಯಿ ಹೊಟ್ಟೆಯಡಿ ಇದೆ. ನೆರಿಗೆಗಟ್ಟಿದ ಗಂಟಲನ್ನು ಹೊರಚಾಚಿ, ಬಂಡೆಗೆ ಅಂಟಿ ನೀರು ಸೋಸುವ ಅಸಿಡಿಯನ್ ಎಂಬ ಪ್ರಾಣಿಗಳನ್ನು ಮುಚ್ಚಿ ತಿನ್ನುತ್ತದೆ. ಗುದದ್ವಾರವಿಲ್ಲ, ಉಳಿದ ಕಸವೂ ಬಾಯಿಂದಲೇ ಹೊರಕ್ಕೆ! ತೆವಳುವುದು ಲೋಳೆಯ ಮೇಲೆ, ಅಡಿಮೈಯ ಸೂಕ್ಷ್ಮ ರೋಮಗಳಿಂದ. ಕೆಣಕಿದರೆ ಅಂಚನ್ನು ಅಲೆಯಾಗಿ ಬಡಿದು ಈಜುತ್ತದೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಗಂಡಿನ ಅಂಗ ಮಾತ್ರ ಎರಡೆರಡು.

ಈ ತೆಳುಮೈ ಸಂಶೋಧಕರಿಗೆ ದೊಡ್ಡ ತಲೆನೋವು. ಚಿಮಟದಲ್ಲಿ ಹಿಡಿದರೆ ಹರಿಯುತ್ತದೆ, ಲೋಳೆ ಬಿಟ್ಟು ಕರಗಲೂಬಹುದು. ಕೆಡದಂತೆ ಉಳಿಸಲು ನೇರ ಆಲ್ಕೋಹಾಲಿಗೆ ಹಾಕಿದರೆ ಮುದುಡಿ ಆಕಾರ ಕೆಡುತ್ತದೆ. ಅನುಮತಿ ಪಡೆದು ಸಂಗ್ರಹಿಸುವವರು ಮೊದಲು ಜೀವಂತ ಹುಳುವಿನ ಫೋಟೊ ತೆಗೆಯಬೇಕು, ಏಕೆಂದರೆ ಬಣ್ಣ ಉಳಿಯದು. ಡಿಎನ್‌ಎ ಪರೀಕ್ಷೆಗೆ ಅಂಚಿನ ಚೂರೊಂದನ್ನು, ದೇಹ ಕೆಡದಂತೆ ಇಡುವ ಫಾರ್ಮಲಿನ್ ಎಂಬ ರಾಸಾಯನಿಕ ತಾಗುವ ಮೊದಲೇ, 95 ಶೇಕಡಾ ಆಲ್ಕೋಹಾಲಿನಲ್ಲಿ ಇಡಬೇಕು. ಆಮೇಲೆ ಹುಳುವನ್ನು ಮೃದು ಬ್ರಷ್‌ನಿಂದ ಫಿಲ್ಟರ್ ಕಾಗದದ ಮೇಲೆ ಹತ್ತಿಸಿ, ಅದು ಪೂರ್ತಿ ಹರಡಿಕೊಂಡ ಕ್ಷಣದಲ್ಲಿ, ಮೊದಲೇ ಹೆಪ್ಪುಗಟ್ಟಿಸಿಟ್ಟ 10 ಶೇಕಡಾ ಫಾರ್ಮಲಿನ್ ಮೇಲೆ ಕಾಗದ ಸಮೇತ ಇಡಬೇಕು. ತಣುಪಿಗೆ ಅದು ಮುದುಡುವ ಮೊದಲೇ ಸೆಟೆಯುತ್ತದೆ. ಫಾರ್ಮಲಿನ್ ಕರಗುತ್ತಾ ಮೈಗೆ ಇಳಿಯುತ್ತದೆ. ಕೊನೆಗೆ 70 ಶೇಕಡಾ ಆಲ್ಕೋಹಾಲಿಗೆ ವರ್ಗಾಯಿಸುವುದು.

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇರುವವರಿಗೆ ಒಂದು ಮಾತು: ಚೆಂದವಿದೆಯೆಂದು ಈ ಹುಳುವನ್ನು ಕೊಳ್ಳಬೇಡಿ. ಬೇಕಾದಷ್ಟು ಅಸಿಡಿಯನ್ ಸಿಗದೆ, ಹಸಿದು ದಿನೇದಿನೇ ಕುಗ್ಗುತ್ತದೆ. ಸತ್ತರೆ ಬೇಗ ಕೊಳೆತು ತೊಟ್ಟಿಯ ನೀರನ್ನೂ ಕೆಡಿಸುತ್ತದೆ. ನಮಸ್ಕಾರ.