ಒನ್ಸ್ ಮೋರ್ ಕೂಗದ ರಾತ್ರಿ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡಿರುವವರು ಯಾರು ಅಂತ ನನಗೆ ಸುಮಾರಾಗಿ ಗೊತ್ತು. ಒಬ್ಬರು ಅವರೆಕಾಯಿ ಸುಲಿಯುತ್ತಾ ಕೂತಿದ್ದೀರಿ. ಇನ್ನೊಬ್ಬರು ಡೈರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕಾಲು ಚಾಚಿದ್ದೀರಿ. ಕೈಗೆ ಕೆಲಸ ಇರಲಿ, ಕಿವಿ ಮಾತ್ರ ಇತ್ತ ಕೊಡಿ.

ಮನಸ್ಸಿನಲ್ಲಿರುವುದನ್ನು ಮುಚ್ಚಿಡದೆ ಮಾಡಿದ ನಾಟಕ, ಚಿತ್ರ, ಹಾಡು ನಮಗೆ ಯಾಕೆ ಇರಿಸುಮುರಿಸು ಮಾಡುತ್ತದೆ? ಇದು ಇವತ್ತಿನ ವಿಷಯ. ಮೈಸೂರಿನ ಬಾನುಲಿಗೆ ಇದೇನೂ ಹೊರಗಿನದಲ್ಲ. 1935ರಲ್ಲಿ ಇಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರೊಫೆಸರ್ ಆಗಿದ್ದವರು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಾವು ಸಿಕ್ಕಿಬೀಳುತ್ತೇವೆ. ಅಷ್ಟೇ. ದುಃಖ ಜಾಸ್ತಿಯಾಯಿತು ಅಂತಲ್ಲ. ದುಃಖ ನಮಗೆ ಇಷ್ಟವೇ. ಸೀರಿಯಲ್ಲಿನಲ್ಲಿ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದರೆ ಕಣ್ಣೊರೆಸಿಕೊಳ್ಳುತ್ತೇವೆ, ಜಾಹೀರಾತು ಬಂದ ಕೂಡಲೇ ಎದ್ದು ಸಾರಿಗೆ ಒಗ್ಗರಣೆ ಹಾಕುತ್ತೇವೆ. ಅಲ್ಲಿ ಅಳುವವರು ಅವರು, ನೋಡುವವರು ನಾವು. ನಿಜವಾದದ್ದು ಎದುರು ಬಂದಾಗ ನೋಡುತ್ತಾ ಕೂತವನೇ ಸಿಕ್ಕಿಬೀಳುತ್ತಾನೆ.

ಒಂದು ಪ್ರಸಂಗ ಹೇಳುತ್ತೇನೆ. ನನ್ನ ಶಿಷ್ಯರಿಗೆ ಕೇಳಿ ಕೇಳಿ ಸಾಕಾಗಿದೆ, ನಿಮಗೆ ಹೊಸದು.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಮದ್ದೂರು ಕಡೆಯ ಒಂದು ಊರು. ಹಬ್ಬಕ್ಕೆ ಕುರುಕ್ಷೇತ್ರ ನಾಟಕ. ನಾನು ಆಗ ಹಾರ್ಮೋನಿಯಂ ಮಾಸ್ತರರ ಜೊತೆ ತಬಲಾ ನುಡಿಸಲು ಹೋಗುತ್ತಿದ್ದೆ. ಮಂಡ್ಯ ಸೀಮೆಯವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಊರಿನವರೇ ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾರೆ, ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಸೀನಿನ ಮಧ್ಯೆಯೇ ನೆಂಟರು ರಂಗಕ್ಕೆ ಹತ್ತಿ ಹಾರ ಹಾಕುತ್ತಾರೆ. ಹಾಡು ಚೆನ್ನಾಗಿ ಬಂದರೆ ಒನ್ಸ್ ಮೋರ್! ದುರ್ಯೋಧನನಂತೂ ಎರಡೆರಡು ಸಲ ಹಾಡಬೇಕು.

ಆ ಸಲದ ದುರ್ಯೋಧನ ಆಲೆಮನೆ ಇಟ್ಟುಕೊಂಡಿದ್ದವರು. ದೊಡ್ಡ ಆಳು, ಗಂಟಲೂ ಹಾಗೇ. ಅವರಿಗೂ ಅವರ ತಮ್ಮನಿಗೂ ನಾಲೆ ಪಕ್ಕದ ಇಪ್ಪತ್ತು ಗುಂಟೆ ಗದ್ದೆಗಾಗಿ ಹತ್ತು ವರ್ಷದಿಂದ ಕೇಸು. ಮಾತಿಲ್ಲ, ಕತೆಯಿಲ್ಲ. ಒಂದೇ ಗೋಡೆ, ಆ ಕಡೆ ಒಂದು ಒಲೆ, ಈ ಕಡೆ ಒಂದು ಒಲೆ. ತಮ್ಮ ಅವತ್ತು ನಾಟಕಕ್ಕೆ ಬಂದಿದ್ದ. ಹಿಂದೆ, ಟ್ರಾಕ್ಟರಿನ ಮೇಲೆ ಕೂತಿದ್ದ.

ಸಂಧಾನದ ಸೀನು ಬಂತು. ಕೃಷ್ಣ ಐದು ಊರು ಕೇಳಿದ. ದುರ್ಯೋಧನ ಗದೆ ಎತ್ತಿದರು. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನು ಅಂತ ಗರ್ಜಿಸಬೇಕು. ‘ಸೂಜಿ…’ ಅಂದರು. ನಿಂತರು. ಪರದೆ ಹಿಂದಿನಿಂದ ಮಾತು ಎತ್ತಿಕೊಟ್ಟರು. ಇನ್ನೊಮ್ಮೆ ಎತ್ತಿಕೊಟ್ಟರು. ಮಾತು ಮರೆತಿರಬೇಕು ಅಂತ ನಾನು ತಬಲಾದಲ್ಲಿ ಜೋರಾಗಿ ಒಂದು ತುಣುಕು ಬಾರಿಸಿದೆ. ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಗದೆ ಕೆಳಗಿಟ್ಟು ಸಿಂಹಾಸನದ ತುದಿಯಲ್ಲಿ ಕೂತು, ನಾಟಕದ ಭಾಷೆ ಬಿಟ್ಟು, ಮೈಕಿಗೆ ಮೆಲ್ಲಗೆ ಹೇಳಿದರು: ‘ಕೊಡಕ್ಕಾಗಲ್ಲ ಕೃಷ್ಣ. ಈಗ ಕೊಟ್ಬುಟ್ರೆ, ಇಷ್ಟ್ ವರ್ಷ ನಾನು ಮಾಡಿದ್ದೆಲ್ಲ ತಪ್ಪು ಅಂತ ಆಗೋಯ್ತದೆ.’

ಒಂದು ಸಿಳ್ಳೆ ಇಲ್ಲ. ಒನ್ಸ್ ಮೋರ್ ಇಲ್ಲ. ನೋಟಿನ ಹಾರ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದವನು ಹಾಗೇ ಹಿಂದಕ್ಕೆ ಸರಿದ. ಕೃಷ್ಣನ ಪಾತ್ರಧಾರಿ ಕೊಳಲು ತಿರುಗಿಸುತ್ತಾ ನಿಂತ. ಗಂಡಸರು ಒಬ್ಬೊಬ್ಬರಾಗಿ ಬೀಡಿ ಸೇದಲು ಎದ್ದರು. ಎದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೆಳಿಗ್ಗೆ ಟೀ ಅಂಗಡಿಯಲ್ಲಿ ಬೈಗುಳ. ‘ಅಷ್ಟು ದುಡ್ಡು ಸುರಿದು ನಾಟಕ ಕೆಡಿಸಿದನಲ್ಲ’ ಅಂತ. ಎಲ್ಲರಿಗಿಂತ ಜೋರಾಗಿ ಬೈದವರು, ಬದು ಒತ್ತಿದರು ಅಂತ ಪಕ್ಕದ ಹೊಲದವರ ಜೊತೆ ಮಾತು ಬಿಟ್ಟವರು. ನೋಡಿ, ಆ ಊರಿನಲ್ಲಿ ಯಾರ ಮನೆಯಲ್ಲಿ ಪಾಲಿನ ಜಗಳ ಇರಲಿಲ್ಲ? ದುರ್ಯೋಧನ ಗರ್ಜಿಸಿದ್ದರೆ ಕೆಟ್ಟವನು ಅವನೊಬ್ಬನೇ ಆಗಿರುತ್ತಿದ್ದ. ಮೆಲ್ಲಗೆ ನಿಜ ಹೇಳಿದ, ಇಡೀ ಊರು ಸಿಕ್ಕಿಬಿತ್ತು.

ಅಣ್ಣ ತಮ್ಮ ಒಂದಾದರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಕೇಸು ನಡೆಯಿತು. ಕಲೆ ಅಂದರೆ ಪಂಚಾಯ್ತಿ ಕಟ್ಟೆಯಲ್ಲ ಮಾರಾಯರೇ.

ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಸಮಯ ಕಡಿಮೆ ಇದೆಯಂತೆ. ಬರೆದುಕೊಂಡು ಬಂದದ್ದು ಇನ್ನೂ ಮೂರು ಹಾಳೆ ಇದೆ. ಓಡಿಸುತ್ತೇನೆ.

ನಾಟ್ಯಶಾಸ್ತ್ರದಲ್ಲಿ ಮನಸ್ಸಿನ ಭಾವವಾದ ಶೋಕ ಬೇರೆ, ಅದನ್ನು ಕಲೆಯಲ್ಲಿ ಸವಿಯುವ ಕರುಣ ರಸ ಬೇರೆ. ಭತ್ತ ಬೇರೆ, ಅನ್ನ ಬೇರೆ ಇದ್ದ ಹಾಗೆ. ಬೇಯಿಸಿ ಬಡಿಸಿದರೆ ಸುಖವಾಗಿ ಉಣ್ಣುತ್ತೇವೆ. ಆ ರಾತ್ರಿ ಎಲೆಗೆ ಭತ್ತವೇ ಬಿತ್ತು.

ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಅವರ ದೀಪದ ಹುಡುಗಿಯ ಚಿತ್ರ ಇದೆಯಲ್ಲ, ಬೆರಳ ಸಂದಿನಿಂದ ಬೆಳಕು ಬರುವುದು? ಅದರ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಅದು ನಮ್ಮನ್ನು ಏನೂ ಕೇಳುವುದಿಲ್ಲ. ಕೆತೆ ಕೊಲ್ವಿಟ್ಜ್ ಅಂತ ಒಬ್ಬ ಜರ್ಮನ್ ಕಲಾವಿದೆ ಇದ್ದರು. ಅವರ ಮಗ ಪೀಟರ್ 1914ರಲ್ಲಿ, ಹದಿನೆಂಟು ವರ್ಷಕ್ಕೆ, ಯುದ್ಧದಲ್ಲಿ ಸತ್ತ. ಸೈನ್ಯಕ್ಕೆ ಕಳಿಸಲು ತಂದೆಗೆ ಇಷ್ಟವಿರಲಿಲ್ಲ, ಒಪ್ಪಿಸಿದವರು ಈ ತಾಯಿಯೇ. ಮಗನ ನೆನಪಿನ ಶಿಲ್ಪ ಬೆಲ್ಜಿಯಂನ ಸ್ಮಶಾನದಲ್ಲಿ ನಿಂತದ್ದು 1932ರಲ್ಲಿ. ಅಪ್ಪ ಅಮ್ಮ ಇಬ್ಬರೂ ಮಂಡಿಯೂರಿದ್ದಾರೆ, ಬೇರೆ ಬೇರೆ ಪೀಠದ ಮೇಲೆ. ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳಿ ನೋಡೋಣ.

‘ಸರ್, ಏನಾದ್ರೂ ಪಾಸಿಟಿವ್ ಆಗಿರೋದು ಮಾಡೋಣ’ ಅನ್ನುತ್ತಾರೆ ಈಗಿನ ಹುಡುಗರು. ಮಾಡಿ ಅಪ್ಪಾ. ಜಾತ್ರೆಯಲ್ಲಿ ಬತ್ತಾಸೂ ಮಾರುತ್ತಾರೆ.

ಕೊನೆಗೆ ಒಂದು ವಿಷಯ. ತಬಲಾ ಬಾರಿಸಿದ್ದರ ಬಗ್ಗೆ ನಿಮಗೆ ಸುಳ್ಳು ಹೇಳಿದೆ. ಶಿಷ್ಯರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಅವರು ಮಾತು ಮರೆತಿಲ್ಲ ಅಂತ ನನಗೆ ಗೊತ್ತಿತ್ತು. ನಾಲ್ಕಡಿ ದೂರದಲ್ಲಿ ಮುಖ ಕಾಣುತ್ತಿತ್ತು. ಮುಂದಿನ ಮಾತು ಬಾಯಿಗೆ ಬರದಿರಲಿ ಅಂತಲೇ ಬಾರಿಸಿದೆ. ಅದಕ್ಕೆ ಹದಿನೈದು ದಿನ ಮುಂಚೆ ನಾನೂ ನಮ್ಮಣ್ಣನೂ ಅಕ್ಕನ ಮನೆಗೆ ಹೋಗಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬಂದಿದ್ದೆವು. ಅಕ್ಕ ಅದನ್ನು ಓದಲಿಲ್ಲ. ಎಲ್ಲಿ ಹಾಕಬೇಕು ಅಂತ ಮಾತ್ರ ಕೇಳಿದಳು. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟೆವು.

ಸಮಯ ಆಯಿತು. ನಮಸ್ಕಾರ.